ಎದುರು ಮನೆಯಲ್ಲಿಟ್ಟ ಪ್ರಸ್ಥಾನ

ನೆಂಟರು ಬರುತ್ತಾರೆಂದರೆ ನನಗೆ ಸಂತೋಷವಾಗುತ್ತದೆ. ಬಂದ ಮೂರನೆಯ ದಿನ ಇವರು ಯಾವಾಗ ಹೋಗುತ್ತಾರೋ ಅನ್ನಿಸುತ್ತದೆ. ಹೋದ ದಿನ ಊಟ ಸೇರುವುದಿಲ್ಲ. ಇದು ನನ್ನ ಹಳೆಯ ರೋಗ. ಯಾವ ಡಾಕ್ಟರಿಗೂ ತೋರಿಸಿಲ್ಲ, ಏಕೆಂದರೆ ಹೈದರಾಬಾದಿನಲ್ಲಿ ಡಾಕ್ಟರಿಗೆ ತೋರಿಸಿಕೊಳ್ಳುವುದು ನಮ್ಮ ಮನೆಗೆ ಬಂದ ನೆಂಟರ ಕೆಲಸ. ಸನತ್‌ನಗರದ ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದಾಗ ನಾನು ಮಿಯಾಪುರದಲ್ಲಿ ಫ್ಲ್ಯಾಟು ತೆಗೆದುಕೊಂಡೆ. ಸುತ್ತ ಬರೀ ಬಂಡೆಗಳಿದ್ದವು. "ಅಡವ್ಯಾಗ ಮನಿ ಮಾಡ್ಯಾನ" ಎಂದು ವಿಜಯಪುರದ ಬಂಧುಗಳು ನಕ್ಕರು. ಆಮೇಲೆ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಎದ್ದವು ನೋಡಿ, ನಕ್ಕವರೇ ಮಕ್ಕಳ ಇಂಟರ್‌ವ್ಯೂ, ಕೋರ್ಸು, ಕಣ್ಣಿನ ಪರೀಕ್ಷೆ ಎಂದು ನಮ್ಮ ಹಾಲಿನಲ್ಲಿ ಹಾಸಿಗೆ ಬಿಡಿಸತೊಡಗಿದರು. ಬರುವುದು ಒಂದೇ ಸಲಕ್ಕೆ, ಹೋಗುವುದು ಮಾತ್ರ ಕಂತಿನಲ್ಲಿ. ಸೋಫಾದಿಂದ ಏಳುವಾಗ ಒಮ್ಮೆ "ಬರ್ತೀವ್ರಿ", ಬಾಗಿಲಲ್ಲಿ ಒಮ್ಮೆ, ಚಪ್ಪಲಿ ಮೆಟ್ಟಿಕೊಂಡು ಒಮ್ಮೆ. ಆಮೇಲೆ ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಇಟ್ಟು ಯಾರದೋ ಮದುವೆಯ ಸುದ್ದಿ ತೆಗೆಯುತ್ತಾರೆ. ಕೆಳಗಿನ ಮಹಡಿಯವರು ಲಿಫ್ಟಿನ ಬಾಗಿಲು ಬಡಿಯುತ್ತಿರುತ್ತಾರೆ.

ನೆಂಟರ ಮಟ್ಟಿಗೆ ಇದೆಲ್ಲ ಸರಿ. ಹೆತ್ತ ಮಗಳ ಮಟ್ಟಿಗೂ ಈ ರೋಗ ಏಳುತ್ತದೆಂದು ನನಗೆ ಗೊತ್ತಿರಲಿಲ್ಲ. ಮಗಳು ವಿದ್ಯಾ ಪುಣೆಯ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಅವಳು ನಾಲ್ಕು ವರ್ಷದ ಮಗಳು ಅನ್ವಿಯನ್ನು ಕರೆದುಕೊಂಡು ಹದಿನೈದು ದಿನಕ್ಕೆಂದು ಬಂದಳು. ಎರಡು ದಿನ ಮೊಮ್ಮಗಳನ್ನು ಹೆಗಲಿಂದ ಇಳಿಸಲಿಲ್ಲ. ಮೂರನೆಯ ದಿನ ಟೀವಿಯ ರಿಮೋಟು ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ನಾಲ್ಕನೆಯ ದಿನ ನಾನಿನ್ನೂ ಓದದ ಪೇಪರು ದೋಣಿಯಾಗಿ ಬಚ್ಚಲಲ್ಲಿ ತೇಲುತ್ತಿತ್ತು. ವಿದ್ಯಾ ಮೊದಲ ವಾರ ಮನೆಯಿಂದಲೇ ಕೆಲಸ ಮಾಡಿದಳು. ನನ್ನ ಊಟದ ಜಾಗದಲ್ಲಿ ಅವಳ ಲ್ಯಾಪ್‌ಟಾಪು. "ಅಪ್ಪಾ, ಕಾಲ್‌ನ್ಯಾಗ ಅದೀನಿ, ಜರಾ ಕೆಮ್ಮಬ್ಯಾಡ." ಕೆಮ್ಮು ಕೇಳಿಕೊಂಡು ಬರುತ್ತದೆಯೇ? ಹತ್ತನೆಯ ದಿನ ಯಾರೂ ಇಲ್ಲದಾಗ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಲ್ಲಿ ದಿನ ಎಣಿಸುತ್ತಿದ್ದೆ. ಹಿಂದಿನಿಂದ ಹೆಂಡತಿ ಸುಶೀಲಾ ಬಂದಳು.

"ಏನು ಎಣಿಸಾಕತ್ತೀರಿ?"

"ಅಮಾಸಿ ಎಂದು ಬರ್ತದ ಅಂತ ನೋಡಾಕತ್ತಿದ್ದೆ" ಎಂದೆ, ಬಾಯಿಗೆ ಬಂದದ್ದು.

ಅವಳೂ ಬಗ್ಗಿ ನೋಡಿದಳು. ಮಗಳ ಟಿಕೆಟ್ಟು ಇದ್ದ ಭಾನುವಾರವೇ ಅಮಾವಾಸ್ಯೆ! "ಅಯ್ಯ ನಮ್ಮವ್ವ! ಅಮಾಸಿ ದಿನ ಮಗಳನ್ನ ಕಳಸೂದೇನ್ರಿ?" ಬೇರೆ ದಿನಕ್ಕೆ ಟಿಕೆಟ್ ಇರಲಿಲ್ಲ, ಸೋಮವಾರ ವಿದ್ಯಾ ಆಫೀಸಿನಲ್ಲಿರಲೇಬೇಕು. ಕೊನೆಗೆ ಸುಶೀಲಾಳೇ ದಾರಿ ಹುಡುಕಿದಳು, ಪ್ರಸ್ಥಾನ ಇಡುವುದು. ಹೊರಡುವವರ ಚೀಲವನ್ನು ಒಳ್ಳೆಯ ದಿನ ನೋಡಿ ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆವತ್ತೇ ಶುರುವಾದ ಲೆಕ್ಕ. ಆಮೇಲೆ ಅಮಾವಾಸ್ಯೆಯಂದೇ ಹೊರಟರೂ ದೋಷವಿಲ್ಲ. ಚೀಲವನ್ನು ಮಾತ್ರ ತಿರುಗಿ ಮನೆಯೊಳಗೆ ತರುವಂತಿಲ್ಲ, ಹೋಗುವಾಗ ಅಲ್ಲಿಂದಲೇ ಎತ್ತಿಕೊಳ್ಳಬೇಕು. ವಿದ್ಯಾ ತನ್ನ ಆಫೀಸಿನ ಚೀಲವನ್ನೇ ಕೊಟ್ಟಳು, ಲ್ಯಾಪ್‌ಟಾಪು, ಗುರುತಿನ ಚೀಟಿ ಸಮೇತ. "ರಜಾ ಮುಗಿಯೂತನಕ ಅದು ನನ್ನ ಕಣ್ಣಿಗೆ ಬೀಳಬಾರದು" ಎಂದಳು. ಸುಶೀಲಾ ಅದರಲ್ಲಿ ಒಂದು ಹಿಡಿ ಅಕ್ಕಿ, ಅರಿಶಿನ ಕೊಂಬು, ಅಡಿಕೆ ಹಾಕಿದಳು. ಗುರುವಾರ ನಾನೇ ಅದನ್ನು ಎದುರು ಮನೆಯ ತೆಲುಗಿನವರಾದ ಲಕ್ಷ್ಮಿಗಾರು ಅವರ ದೇವರ ಮುಂದೆ ಇಟ್ಟು ಬಂದೆ. ಅಷ್ಟು ಉತ್ಸಾಹ ತೋರಿಸಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಏಕೆಂದರೆ ತಿರುಗಿ ಬಂದು ಕುಳಿತ ಕೂಡಲೇ ಹೊಳೆಯಿತು. ಪಂಚಾಂಗದ ಪ್ರಕಾರ ಮಗಳು ಹೊರಟಾಗಿತ್ತು! ಅನ್ವಿ ಬಂದು ನನ್ನ ಕನ್ನಡಕ ಕಿತ್ತುಕೊಂಡು ತಾನು ಹಾಕಿಕೊಂಡಳು. ಹಿಂದಿನ ದಿನವಾಗಿದ್ದರೆ ಗದರುತ್ತಿದ್ದೆ. ಆವತ್ತು ಮಬ್ಬುಗಣ್ಣಲ್ಲೇ ಅವಳನ್ನು ನೋಡುತ್ತ ಕುಳಿತೆ. ರೋಗದ ಮೂರನೆಯ ಹಂತ ಈ ಸಲ ಮೂರು ದಿನ ಮೊದಲೇ ಬಂದಿತ್ತು.

ಶನಿವಾರ ಬೆಳಿಗ್ಗೆ ಲಕ್ಷ್ಮಿಗಾರು ಅವರ ಗಂಡ ಲಿಫ್ಟಿನ ಹತ್ತಿರ ಸಿಕ್ಕರು. ತಂಗಿಗೆ ಹೆರಿಗೆಯಾಗಿದೆ, ಇಬ್ಬರೂ ಗುಂಟೂರಿಗೆ ಹೊರಟಿದ್ದೇವೆ, ಗಿಡಗಳಿಗೆ ನೀರು ಹಾಕಿ ಎಂದು ಮನೆಯ ಕೀಲಿಕೈ ನನ್ನ ಕೈಗಿತ್ತರು. ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡೆ, ಮರೆತೆ. ದೇವರಾಣೆ ಮರೆತೆ, ಗಿಡಗಳೇ ಸಾಕ್ಷಿ.

ಭಾನುವಾರ ಮಧ್ಯಾಹ್ನದ ಗಾಡಿ. ಹೊರಡುವಾಗ ಚೀಲ ಎತ್ತಿಕೊಳ್ಳುತ್ತೇವೆಂದು ಹೇಳಲು ಬೆಳಿಗ್ಗೆ ಹೋದರೆ ಎದುರು ಮನೆಗೆ ಬೀಗ. ಲ್ಯಾಪ್‌ಟಾಪಿಲ್ಲದೆ ಆಫೀಸಿಗೆ ಹೋಗುವಂತಿಲ್ಲ, ವಿದ್ಯಾಳ ಮುಖ ಬಿಳಿಚಿಕೊಂಡಿತು. ನನ್ನ ಕೈ ತಾನಾಗಿಯೇ ಹಿಂದಿನ ದಿನದ್ದೇ ಅಂಗಿಯ ಕಿಸೆಗೆ ಹೋಯಿತು, ಕೀಲಿಕೈ ತಣ್ಣಗೆ ತಾಗಿತು. ಕೈಯನ್ನು ಬರಿದೇ ಹೊರಗೆ ತೆಗೆದೆ. "ಕೀಲಿ ಹಾಕ್ಯಾರಲ್ಲ!" ಎಂದೆ, ಲೋಕದಲ್ಲಿ ಬೀಗವನ್ನೇ ಕಾಣದವನ ಹಾಗೆ. ಸುಶೀಲಾ ಫೋನು ತೆಗೆದುಕೊಂಡು ಅಡುಗೆಮನೆಗೆ ಹೋದಳು. ಐದು ನಿಮಿಷ ಬಿಟ್ಟು ಬಂದು "ಫೋನ್ ಹತ್ತವಲ್ದವಾ" ಎಂದಳು. ನನಗೆ ಎಂಥ ಸಮಾಧಾನ! ಗಾಡಿ ತಪ್ಪಿದರೆ ಇನ್ನೆರಡು ದಿನವಾದರೂ ಮಗು ಮನೆಯಲ್ಲಿರುತ್ತದೆ. ಆ ಖುಷಿಯಲ್ಲಿ ಅನ್ವಿಗೆ ನಾನೇ ದೋಣಿ ಮಾಡಿಕೊಟ್ಟೆ, ಅವತ್ತಿನ ಪೇಪರಿನಲ್ಲಿ.

ಹನ್ನೊಂದರ ಹೊತ್ತಿಗೆ ವಿದ್ಯಾ ಸೂಟ್‌ಕೇಸಿನ ಮೇಲೆ ಕುಳಿತುಬಿಟ್ಟಳು. "ಅಪ್ಪಾ, ನಾಳೆ ಹೊಸ ಟೀಮ್ ನನ್ನ ಕೈಗೆ ಕೊಡೋರಿದ್ರು. ಎರಡು ವರ್ಷದಿಂದ ಕಾಯಾಕತ್ತೀನಿ. ನಾ ಇಲ್ಲಂದ್ರ ಬ್ಯಾರೆದವರಿಗೆ ಹೋಗ್ತದ." ಅವಳ ಕಣ್ಣು ತುಂಬಿತ್ತು. ಛೀ, ನಾನೆಂಥ ಅಪ್ಪ! "ತಡಿ, ನಿನ್ನಿ ಅವರು ಹೋಗೋವಾಗ ಕೀಲಿಕೈ ಕೊಟ್ಟಂಗಿತ್ತು, ಆ ಪ್ಯಾಂಟ್ ಒಂದ್ಸಲ ನೋಡ್ತೀನಿ" ಎಂದು ಒಳಗೆ ಹೋಗಿ, ಗೋಡೆಗೆ ತಗಲಿಸಿದ್ದ ಪ್ಯಾಂಟನ್ನು ಸುಮ್ಮನೆ ಝಾಡಿಸಿ, ನನ್ನ ಕಿಸೆಯಿಂದ ಕೀಲಿಕೈ ತೆಗೆದು, "ಸಿಕ್ತು! ಸಿಕ್ತು!" ಎಂದು ಕೂಗುತ್ತ ಬಂದೆ. ವಿದ್ಯಾ ನನ್ನನ್ನು ತಬ್ಬಿಕೊಂಡಳು. ಸುಶೀಲಾ ಮಾತ್ರ ನನ್ನನ್ನೇ ದುರುಗುಟ್ಟಿ ನೋಡಿದಳು.

ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಗಾಡಿ ಹೊರಟಿತು. ಅನ್ವಿ ಕಿಟಕಿಯಿಂದ ಕೈ ಬೀಸಿದಳು, ನಾನು ಅತ್ತೆ. ಕಣ್ಣಲ್ಲಿ ಕಸ ಬಿತ್ತು ಎನ್ನುವ ವಯಸ್ಸು ದಾಟಿದೆ. ಬೆಂಚಿನ ಮೇಲೆ ಕುಳಿತು ಹೆಂಡತಿಯ ಹತ್ತಿರ ತಪ್ಪೊಪ್ಪಿಕೊಂಡೆ. "ಕೀಲಿಕೈ ಮುಂಜಾನಿಂದ ನನ್ನ ಕಿಸೇದಾಗ ಇತ್ತು."

"ಗೊತ್ತೈತ್ರಿ. ಲಕ್ಷ್ಮಿ ಮೊದಲನೇ ರಿಂಗಿಗೇ ಫೋನ್ ಎತ್ತಿದ್ಲು. ಕೀಲಿಕೈ ಅಂಕಲ್ ಕಡೆ ಐತಿ ಅಂದ್ಲು."

"ಮತ್ತ ಫೋನ್ ಹತ್ತವಲ್ದು ಅಂದಿ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೆಂಗೂ ಅಷ್ಟೊತ್ತು ಸುಮ್ಮನಿದ್ರಿ. ಇನ್ನೊಂದು ತಾಸು ತಡಕೊಳ್ಳಾಕ ಏನಾಗಿತ್ತು ನಿಮಗ? ಗಾಡಿ ತಪ್ಪತಿತ್ತು!"

ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳಿಂದ ಬೈಸಿಕೊಳ್ಳದ ದಿನವಿಲ್ಲ. ಒಳ್ಳೆಯ ಕೆಲಸ ಮಾಡಿ ಬೈಸಿಕೊಂಡದ್ದು ಮಾತ್ರ ಅದೇ ಮೊದಲು.