ಶಾಂತಾಬಾಯಿಯ ಮೂರು ಬಾಟಲಿ

ಆ ಭಾನುವಾರ ಕಾರವಾರದ ನಮ್ಮ ಬಾಡಿಗೆಮನೆಯ ಅಡುಗೆಕೋಣೆಯಲ್ಲಿ ಮೂವರಿದ್ದೆವು: ನಾನು, ನನ್ನ ಹೆಂಡತಿ ಸುಮನಾ, ಮತ್ತು ಕೆಳಮನೆಯಲ್ಲಿ ಖಾನಾವಳಿ ನಡೆಸುವ ಶಾಂತಾಬಾಯಿ. ಬಾಯಿ ಬಂದದ್ದು ಜಗಳಕ್ಕೆ. ಮನೆಯಲ್ಲಿ ಜಿರಳೆ ಕಂಡ ಗಂಡಸು ಮೊದಲು ಚಪ್ಪಲಿ ಹುಡುಕುತ್ತಾನೆ. ಅದು ತಪ್ಪಿಸಿಕೊಂಡ ಮೇಲೆ ಅಪರಾಧಿಯನ್ನು ಹುಡುಕುತ್ತಾನೆ. ಹಿಂದಿನ ದಿನ ಸುಮನಾ ತವರೂರು ಅವರ್ಸಾಕ್ಕೆ ಹೋಗಿದ್ದಳು. ನಾನು ಖಾನಾವಳಿಯಲ್ಲಿ ಬಂಗಡೆ ಸಾರು ಕಲಸಿಕೊಳ್ಳುತ್ತ, ಎಂಟು ಜನ ಉಣ್ಣುತ್ತಿರುವಾಗಲೇ, "ನಮ್ಮ ಜಿರಳೆಗಳೆಲ್ಲ ನಿಮ್ಮ ಗಟಾರದಿಂದಲೇ ಹತ್ತಿ ಬರ್ತವೆ, ಬಾಯಿ" ಎಂದುಬಿಟ್ಟಿದ್ದೆ. ಇಬ್ಬರು ಅರ್ಧಕ್ಕೇ ಕೈತೊಳೆದರು. ಸಂಜೆ ಊಟಕ್ಕೆ ನಾಲ್ಕೇ ಜನ ಬಂದರಂತೆ.

"ನನ್ನ ಹೊಟ್ಟೆ ನಡೆಯೂದೇ ಆ ಅಡುಗೆಮನೆ ಮೇಲೆ, ಮಾಸ್ತರ್ರೇ. ಗಟಾರದ ಜಿರಳೆ ಕೆಂಪಗೆ, ಖರ್ಜೂರದಷ್ಟು ದಪ್ಪ ಇರ್ತದೆ. ನಿಮ್ಮದು ಎಂಥದ್ದು, ನೋಡುವಾ" ಎಂದು ಬಾಯಿ ಮೂರು ಬಾಟಲಿ ಇಳಿಸಿದರು. ಒಳಗೆ ಒಣಸಿಗಡಿ, ಕಂಠದ ಒಳಬದಿಗೆ ಕೊಬ್ಬರಿಎಣ್ಣೆ. ಒಳಗಿಳಿದ ಜಿರಳೆ ಜಾರುತ್ತದೆ, ಹತ್ತಲಾರದು. ಒಂದು ಅವರ ಗಟಾರದ ಬಳಿ, ಒಂದು ಮೆಟ್ಟಿಲಲ್ಲಿ, ಒಂದು ನಮ್ಮಲ್ಲಿ. ನಾನು ಅವರನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸುವ ಮಾತುಗಳನ್ನೂ ಸಿದ್ಧಮಾಡಿಟ್ಟುಕೊಂಡೆ.

ಸೋಮವಾರ ಬೆಳಿಗ್ಗೆ ಗಟಾರದ ಬಾಟಲಿಯಲ್ಲಿ ಒಂದು ಖರ್ಜೂರ. ಮೆಟ್ಟಿಲಲ್ಲಿ ಏನೂ ಇಲ್ಲ. ನಮ್ಮದರಲ್ಲಿ ಹದಿನೇಳು: ಸಣ್ಣವು, ಗೋಧಿಬಣ್ಣದವು, ಕತ್ತಿನ ಮೇಲೆ ಎರಡು ಕಪ್ಪು ಗೆರೆ.

"ಇವು ಸಾಮಾನಿನ ಸಂಗಡ ಬರೂವು" ಎಂದರು ಬಾಯಿ. " ಹಳೆ ರಟ್ಟಿನ ಪೆಟ್ಟಿಗೆ ಉಂಟಾ ಮನೇಲಿ?"

ಸುಮನಾ ಈ ಪ್ರಶ್ನೆಗಾಗಿ ವರ್ಷಗಳಿಂದ ಕಾದಿದ್ದಳೆಂದು ತೋರುತ್ತದೆ. "ಉಂಟಾ ಅಂತ ಕೇಳ್ಬೇಡಿ ಬಾಯಿ, ಎಷ್ಟುಂಟು ಅಂತ ಕೇಳಿ" ಎಂದು ಕಟ್ಟೆಯ ಕೆಳಗಿನ ಪರದೆ ಸರಿಸಿದಳು. ಪ್ರತಿ ಬೇಸಿಗೆ ಅಂಕೋಲಾ ಪೇಟೆಯಿಂದ ಮಾವಿನಹಣ್ಣು ತಂದು, ಹಣ್ಣು ತಿಂದು, "ಗಟ್ಟಿ ಉಂಟು, ಇರಲಿ" ಎಂದು ಪೆಟ್ಟಿಗೆ ಕೂಡಿಡುವವನು ನಾನು. ರಟ್ಟಿನ ಮಡಿಕೆ ಮಡಿಕೆಯಲ್ಲೂ ಜಿರಳೆಗಳ ತುಂಬು ಸಂಸಾರ.

ಅಂದು ಶಾಲೆಗೆ ರಜೆ ಹಾಕಿದೆ. ಪೆಟ್ಟಿಗೆಗಳನ್ನು ಅಂಗಳದಲ್ಲಿ ಸುಟ್ಟೆ, ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತಿದೆ, ಬೋರಿಕ್ ಪುಡಿ, ಗೋಧಿಹಿಟ್ಟು, ಸಕ್ಕರೆ ಕಲಸಿ ಉಂಡೆ ಕಟ್ಟಿ ಫ್ರಿಜ್ಜಿನ ಹಿಂದೆ, ಕಪಾಟಿನ ಸಂದಿಗಳಲ್ಲಿ ಇಟ್ಟೆ. ತೊಟ್ಟು ನೀರೂ ಸಿಗದಂತೆ ಸಿಂಕ್ ಒರೆಸಿದೆ. "ಮದುವೇಲೂ ಇಷ್ಟು ಹುರುಪು ಇರ್ಲಿಲ್ಲ ಇವರಿಗೆ" ಎಂದಳು ಸುಮನಾ.

ಶಾಂತಾಬಾಯಿಗೆ ಅಷ್ಟು ಸಾಲಲಿಲ್ಲ. "ಗಟಾರ ಅಂದ ಬಾಯಲ್ಲೇ ಪೆಟ್ಟಿಗೆ ಅನ್ನಿ. ಎಲ್ಲರೆದುರು."

ಮಂಗಳವಾರ ಮಧ್ಯಾಹ್ನ ಖಾನಾವಳಿಯಲ್ಲಿ ಎದ್ದು ನಿಂತು, ಜಿರಳೆಗಳು ನನ್ನವು, ಪೆಟ್ಟಿಗೆಗಳೂ ನನ್ನವು, ಬಾಯಿಯ ಅಡುಗೆಮನೆ ನಿರ್ದೋಷಿ ಎಂದು ಹೇಳಿದೆ. ಬಿಟ್ಟುಹೋದ ಇಬ್ಬರೂ ಬಂದಿದ್ದರು, ಅನ್ನ ಬಡಿಸಿಕೊಂಡರು. ಮೂಲೆಯಲ್ಲಿದ್ದ, ಈಗ ದಿನಾ ಬಸ್ಸಿನಲ್ಲಿ ಕಾರವಾರಕ್ಕೆ ಬಂದುಹೋಗುವ ಬ್ಯಾಂಕಿನ ಗುಮಾಸ್ತರು ಮಾತ್ರ ತುತ್ತು ಕೆಳಗಿಟ್ಟರು.

"ಮಾಸ್ತರ್ರೇ, ಹೋದ ತಿಂಗಳು ಅಂಕೋಲೆಗೆ ಮನೆ ಬದಲಿಸುವಾಗ ಪಾತ್ರೆ ತುಂಬ್ಲಿಕ್ಕೆ ನಂಗೆ ಐದು ಪೆಟ್ಟಿಗೆ ಕೊಟ್ಟಿದ್ರಲ್ಲ?"

ಮುಂದಿನ ಭಾನುವಾರ ನಾನು ಬೋರಿಕ್ ಉಂಡೆಗಳ ಡಬ್ಬಿ ಹಿಡಿದು ಅಂಕೋಲಾ ಬಸ್ಸು ಹತ್ತಿದೆ.