ಕೊನೆಯ ಪ್ಯಾರಾ

ಎಲ್ಲಕ್ಕೂ ಮೂಲ, ಬೀದಿಯ ಬಾಯಲ್ಲಿ ಕಟ್ಟಿದ್ದ ಆ ದರಿದ್ರ ಫ್ಲೆಕ್ಸು.

ಮನಿಲಾದ 'ಮೂರು ಜಲಕನ್ಯೆ' ಮಾರ್ಕಿನ ಸಾರ್ಡೀನ್ ಕಂಪನಿಯಲ್ಲಿ ಕ್ರಿಸಾಂತೊ ದಿಮಾಕುಲಾಂಗನ್ ಸಂಕಟ ನಿರ್ವಹಣಾ ವಿಭಾಗದ ಮುಖ್ಯಸ್ಥ. ಕಂಪನಿಯ ಮಾನ ಬೀದಿಗೆ ಬಂದಾಗ ಪತ್ರಿಕೆಯವರಿಗೆ ಏನು ಹೇಳಬೇಕು, ಸರ್ಕಾರಕ್ಕೆ ಏನು ಬರೆದುಕೊಡಬೇಕು, ಕ್ಷಮೆ ಕೇಳಿದ ಹಾಗೂ ಇದ್ದು ತಪ್ಪೊಪ್ಪಿಕೊಂಡ ಹಾಗೆ ಇಲ್ಲದಿರಲು ಯಾವ ಮಾತು ಹಾಕಬೇಕು, ಇವೆಲ್ಲ ಅವನ ಕೆಲಸ. ಹದಿನಾಲ್ಕು ವರ್ಷದಿಂದ ಬರೆಯುತ್ತ ಬಂದಿದ್ದ. ಅದನ್ನು ಟೀವಿಯ ಮುಂದೆ ಓದುವವಳು ಮಾತ್ರ ಅವನ ಕೈಕೆಳಗಿನ ಪೆರ್ಲಿತಾ ಮಾಗ್ಸಿನೊ.

ಹೋದ ಸಲ ಡಬ್ಬಿಗಳು ಅಂಗಡಿಯಲ್ಲೇ ಉಬ್ಬಿ ಸಿಡಿದಾಗ ಪೆರ್ಲಿತಾ ಎಷ್ಟು ಚೆನ್ನಾಗಿ ಓದಿದಳೆಂದರೆ ವರದಿಗಾರರೇ ಕಣ್ಣೊರೆಸಿಕೊಂಡರು. ಮರುದಿನ ಬಡಾವಣೆಯ ಕ್ಯಾಪ್ಟನ್, ಅಂದರೆ ಅಲ್ಲಿಯ ಚುನಾಯಿತ ಮುಖಂಡ, ಎರಡು ಕಂಬಗಳ ನಡುವೆ ಆಳೆತ್ತರದ ಫ್ಲೆಕ್ಸ್ ಕಟ್ಟಿಸಿದ: 'ಪೆರ್ಲಿತಾ, ನಮ್ಮ ಬೀದಿಯ ಹೆಮ್ಮೆ!' ದುರದೃಷ್ಟಕ್ಕೆ ಕ್ರಿಸಾಂತೊನ ಮನೆಯೂ ಅದೇ ಬೀದಿಯಲ್ಲಿತ್ತು. ದಿನಾ ಬೆಳಿಗ್ಗೆ ಅವಳ ಮೂವತ್ತೆರಡು ಹಲ್ಲುಗಳ ಕೆಳಗೇ ಕಾರು ದಾಟಿಸಬೇಕಾಗಿತ್ತು.

"ನಾನೂ ಚಂದಾ ಕೊಟ್ಟೆ ಕಣ್ರೀ," ಎಂದಳು ಹೆಂಡತಿ ನೆನಿತಾ. "ಪಾಪ, ನಿಮ್ಮ ಕೈಕೆಳಗಿನ ಹುಡುಗಿ ಅಲ್ವಾ?"

"ಬರ್‍ದಿದ್ದು ಯಾರು?"

"ನೀವೇ ಇರ್ಬೋದು. ಆದ್ರೆ ನಿಮ್ ಮುಖ ಯಾರು ನೋಡಿದಾರೆ ಹೇಳಿ?"

ಕ್ರಿಸಾಂತೊನಿಗೆ ಹೊಟ್ಟೆಕಿಚ್ಚು. ಸುಮ್ಮನೆ ಬೇಸರ, ಅಸಮಾಧಾನ ಅಂತೆಲ್ಲ ಹೆಸರಿಟ್ಟು ಪ್ರಯೋಜನವಿಲ್ಲ, ಶುದ್ಧ ಹೊಟ್ಟೆಕಿಚ್ಚು. ಜೀವನದಲ್ಲಿ ಅವನಿಗೆ ಬೇಕಾಗಿದ್ದುದು ಒಂದೇ: ಆ ಎರಡು ಕಂಬಗಳ ನಡುವೆ ತನ್ನ ಮುಖ.

ಪೆರ್ಲಿತಾಳಲ್ಲಿ ಇದ್ದ ಒಂದೇ ಕೊರತೆಯನ್ನು ಅವನು ನಾಲ್ಕು ಜನರೆದುರು ಎತ್ತಿ ಆಡುತ್ತಿದ್ದ. ಅವಳು ಯಾವ ಹೇಳಿಕೆಯನ್ನೂ ಮೊದಲೇ ಓದಿಕೊಳ್ಳುತ್ತಿರಲಿಲ್ಲ. ಒಮ್ಮೆ ಅವನು ಅಂಚಿನಲ್ಲಿ ಬರೆದಿದ್ದ 'ಇಲ್ಲಿ ಗಂಟಲು ಸರಿಮಾಡಿಕೊಳ್ಳುವುದು' ಎಂಬುದನ್ನೂ ಭಾವಪೂರ್ಣವಾಗಿ ಓದಿಬಿಟ್ಟಿದ್ದಳು.

"ಓದೋಕೆ ಮುಂಚೆ ಒಂದ್ಸಲ ಕಣ್ಣಾಡಿಸಮ್ಮಾ! ಎಷ್ಟು ಸಲ ಹೇಳ್ಬೇಕು ನಿಂಗೆ?" ಎಂದು ಅವನು ಗದರಿದರೆ, ಅವಳು "ಆಯ್ತು ಸರ್" ಎಂದು ನಗುತ್ತಿದ್ದಳು.

ಹೀಗಿರುವಾಗ ಯಾರೋ ಪುಣ್ಯಾತ್ಮ ಸಾರ್ಡೀನ್ ಡಬ್ಬಿ ತೆರೆದು ವಿಡಿಯೊ ಮಾಡಿದ. ಒಳಗೆ ಟೊಮೆಟೊ ಸಾರಿನಲ್ಲಿ ಒಂದೇ ಒಂದು ಮೀನು ಒಂಟಿಯಾಗಿ ತೇಲುತ್ತಿತ್ತು. ಇಡೀ ದೇಶ ನಕ್ಕಿತು, ಆಮೇಲೆ ಕೆರಳಿತು. ಸಂಸತ್ತಿನ ಸಮಿತಿ ಕಂಪನಿಯನ್ನು ಮಧ್ಯಾಹ್ನ ಎರಡಕ್ಕೆ ವಿಚಾರಣೆಗೆ ಕರೆಯಿತು, ಅದೂ ಟೀವಿಯಲ್ಲಿ ನೇರ ಪ್ರಸಾರ. ಬೆಳಿಗ್ಗೆ ಹತ್ತರೊಳಗೆ ಹೇಳಿಕೆಯ ಇಪ್ಪತ್ತೈದು ಪ್ರತಿ ಸಮಿತಿಗೆ ಸಲ್ಲಿಸಬೇಕು. ಮೊಹರು ಬಿದ್ದ ಮೇಲೆ ಒಂದಕ್ಷರ ಬದಲಿಸುವಂತಿಲ್ಲ.

"ಬರಿಯೋದು ನೀವು, ಓದೋದು ಪೆರ್ಲಿತಾ. ಎಂದಿನ ಹಾಗೆ," ಎಂದರು ಮಾಲೀಕ ತಾನ್ಲಿಮ್ಕೊ.

ಆ 'ಎಂದಿನ ಹಾಗೆ' ಕ್ರಿಸಾಂತೊನ ಎದೆಗೆ ಚುಚ್ಚಿತು. ಹೇಳಿಕೆ ಬರೆದು ಮುಗಿಸಿದವನು ಕೊನೆಗೆ ಇನ್ನೊಂದು ಪ್ಯಾರಾ ಸೇರಿಸಿದ: 'ಈ ಪ್ರಮಾದಕ್ಕೆ ಕಂಪನಿ ಕಾರಣವಲ್ಲ. ನಿಮ್ಮ ಮುಂದೆ ನಿಂತಿರುವ ನಾನೇ ಹೊಣೆ. ನನ್ನ ಹುದ್ದೆಗೆ ಈ ಕ್ಷಣವೇ ರಾಜೀನಾಮೆ ಕೊಡುತ್ತಿದ್ದೇನೆ.' ಹೇಳಿಕೆಯಲ್ಲಿ ಓದುವವರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಮಾಲೀಕರು ಮೊದಲ ಪುಟ ದಾಟಿ ಓದಿದವರಲ್ಲ. ಪೆರ್ಲಿತಾ ಅಂತೂ ಮೈಕಿನ ಮುಂದೆ ನಿಂತ ಮೇಲೇ ಓದುವವಳು. ಆಮೇಲೆ ಯಾರಾದರೂ ಕೇಳಿದರೆ, ಅವಳೇ ಸೇರಿಸಿ ಅಂದಳು ಎಂದರಾಯಿತು. ಅವಳ ಪ್ರತಿಯನ್ನು ಅವಳ ಮೇಜಿನ ಮೇಲಿಟ್ಟು, ಉಳಿದವನ್ನು ಸಮಿತಿಗೆ ಕಳಿಸಿ, ಹಗುರಾಗಿ ಒಂದು ಕಾಫಿ ಕುಡಿದ.

ಹನ್ನೊಂದು ಗಂಟೆಗೆ ಮಾಲೀಕರು ಕರೆದರು. ಕೋಣೆಯಲ್ಲಿ ಪೆರ್ಲಿತಾ ಕರ್ಚೀಫು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಲೆಕ್ಕಪತ್ರ ವಿಭಾಗದ ಬೇಬಿ ಆಂಟಿ. ಹೆಸರು ಬೇಬಿ, ವಯಸ್ಸು ಅರವತ್ತು, ಅವತ್ತೇ ಅವಳ ಹುಟ್ಟುಹಬ್ಬ, ಕೈಯಲ್ಲಿ ಎಲ್ಲರಿಗೂ ಹಂಚಲು ತಂದ ಪನ್ಸಿಟ್ ನೂಡಲ್ಸಿನ ತಟ್ಟೆ.

"ಸರ್, ಹದ್ನಾಲ್ಕು ವರ್ಷದಿಂದ ಕ್ರಿಸಾಂತೊ ಸರ್ ಬರೀತಿದಾರೆ, ಹೆಸರು ಮಾತ್ರ ನಂಗೆ," ಎಂದಳು ಪೆರ್ಲಿತಾ ಬಿಕ್ಕುತ್ತ. "ನಂಗೆ ನಾಚಿಕೆ ಆಗತ್ತೆ. ಇವತ್ತು ಅವ್ರೇ ಓದ್ಲಿ."

"ಎಂಥಾ ಮನಸ್ಸು ನೋಡಿ ಈ ಹುಡುಗೀದು!" ಬೇಬಿ ಆಂಟಿಯೂ ಅತ್ತಳು.

"ಒಳ್ಳೇ ಮಾತು. ಓದಿ ದಿಮಾಕುಲಾಂಗನ್," ಎಂದರು ಮಾಲೀಕರು.

ಕ್ರಿಸಾಂತೊ ಬಾಗಿಲ ಕಡೆ ಎರಡು ಹೆಜ್ಜೆ ಸರಿದ. "ನಂಗೆ... ಗಂಟಲು ಸರಿ ಇಲ್ಲ ಸರ್."

"ಶುಂಠಿ ಕಷಾಯ ತರ್ತೀನಿ," ಎಂದಳು ಬೇಬಿ ಆಂಟಿ.

"ಹೊಟ್ಟೇನೂ ನೋಯ್ತಿದೆ."

"ಖಾಲಿ ಹೊಟ್ಟೆ ಅಲ್ವಾ, ಪನ್ಸಿಟ್ ತಿನ್ನಿ. ನೀಳವಾಗಿರೋ ನೂಡಲ್ಸು, ಆಯಸ್ಸು ಹೆಚ್ಚತ್ತೆ."

"ಹಾಕ್ಕೊಳ್ಳೋಕೆ ಒಳ್ಳೇ ಅಂಗೀನೂ ಇಲ್ಲ!"

ಐದೇ ನಿಮಿಷದಲ್ಲಿ ಯಾರೋ ಮದುವೆಗೆಂದು ಇಸ್ತ್ರಿ ಮಾಡಿಸಿಟ್ಟಿದ್ದ ಬಾರೋಂಗ್ ಅಂಗಿ ತಂದು ತೊಡಿಸಿದರು. ತೋಳು ಮೊಣಕೈ ದಾಟಲಿಲ್ಲ. ಬಾಯಿ ಬಿಟ್ಟು ಪ್ಯಾರಾದ ವಿಷಯ ಹೇಳೋಣವೆಂದರೆ, ಯಾಕೆ ಬರೆದೆ ಅಂತ ಕೇಳುತ್ತಾರೆ. ಅಷ್ಟರಲ್ಲಿ ನೆನಿತಾ ಫೋನ್ ಮಾಡಿದಳು.

"ಬೇಬಿ ಆಂಟಿ ಎಲ್ಲಾ ಹೇಳಿದ್ರು ಕಣ್ರೀ! ಬೀದಿಯೋರೆಲ್ಲ ನಮ್ ಟೀವಿ ಮುಂದೆ ಕೂತಿದಾರೆ. ಕ್ಯಾಪ್ಟನ್ ನಿಮ್ ಫೋಟೊ ಈಸ್ಕೊಂಡು ಫ್ಲೆಕ್ಸ್ ಅಂಗಡಿಗೆ ಹೋದ್ರು!"

ಸಮಿತಿಯ ಕಚೇರಿಗೆ ಮುಂಚೆಯೇ ತಲುಪಿ ಪ್ರತಿಗಳನ್ನು ವಾಪಸ್ ಪಡೆಯಬೇಕೆಂದು ಅವನು ಓಡಿದ. ಎಡ್ಸಾ ರಸ್ತೆಯಲ್ಲಿ ಕಾರುಗಳು ನಿಂತಲ್ಲೇ ನಿಂತಿದ್ದವು. ಇಳಿದು, ಬೈಕ್ ಟ್ಯಾಕ್ಸಿ ಹತ್ತಿ, ಬೆವರಿಳಿಸುತ್ತ ಗುಮಾಸ್ತೆಯ ಮುಂದೆ ನಿಂತ.

"ಮೇಡಂ, ಒಂದು ಸಣ್ಣ ಪ್ಯಾರಾ ತೆಗೀಬೇಕಿತ್ತು."

"ಮೊಹರು ಬಿದ್ದಾಯ್ತಲ್ಲ ಸರ್," ಎಂದಳು ಆಕೆ ಬಾಳೆಹಣ್ಣಿನ ಬಜ್ಜಿ ಕಚ್ಚುತ್ತ. "ಎಲ್ಲಾ ಮೆಂಬರುಗಳ ಮೇಜಿಗೂ ಹೋಗಿದೆ."

ಎರಡು ಗಂಟೆಗೆ ಕ್ರಿಸಾಂತೊ ಕೈಯೆತ್ತಿ, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ, ಓದಿದ. ಚೆನ್ನಾಗಿಯೇ ಓದಿದ. ಕೊನೆಯ ಪ್ಯಾರಾ ಬರುವ ಮುಂಚೆ ಕಾಗದ ಮಡಿಚಿ, "ಧನ್ಯವಾದ" ಎಂದು ಕೂರಲು ಹೋದ.

ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. "ಒಂದು ಪ್ಯಾರಾ ಉಳೀತಲ್ಲ?"

"ಅದು... ಅಷ್ಟು ಮುಖ್ಯ ಅಲ್ಲ ಸರ್."

"ನಮಗೆ ಅದೇ ಮುಖ್ಯ ಅನ್ನಿಸ್ತು. ಪ್ರಮಾಣ ಮಾಡಿದೀರಿ. ಓದಿ."

ಓದಿದ. ಕಣ್ಣಲ್ಲಿ ನಿಜವಾದ ನೀರು ಬಂತು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕುರ್ಚಿ ಬಿಟ್ಟುಕೊಟ್ಟ ಮನುಷ್ಯನನ್ನು ಈ ಜನ್ಮದಲ್ಲಿ ಇವತ್ತೇ ಕಂಡೆ ಎಂದರು ಅಧ್ಯಕ್ಷರು. ವಿಚಾರಣೆ ಅಲ್ಲಿಗೇ ಮುಗಿಯಿತು.

ಹೊರಗೆ ಬರುವಷ್ಟರಲ್ಲಿ ಮಾಲೀಕರ ಫೋನು. "ಕಂಪನಿ ಉಳಿಸಿಬಿಟ್ರಿ ದಿಮಾಕುಲಾಂಗನ್! ಎಂಥಾ ತ್ಯಾಗ! ನಿಮ್ಮ ರಾಜೀನಾಮೆ ಒಪ್ಪಿಕೊಂಡಿದೀನಿ."

ಸಂಜೆ ಬೀದಿಯ ಬಾಯಲ್ಲಿ ಎರಡು ಕಂಬಗಳ ನಡುವೆ ಕ್ರಿಸಾಂತೊನ ಮುಖ ಗಾಳಿಗೆ ಉಬ್ಬುತ್ತಿತ್ತು: 'ಕ್ರಿಸಾಂತೊ, ನಮ್ಮ ಬೀದಿಯ ಹೆಮ್ಮೆ!' ಹದಿನಾಲ್ಕು ವರ್ಷ ಕಾದ ಫ್ಲೆಕ್ಸು. ಅದರ ಕೆಳಗೆ ನಾಳೆಯಿಂದ ಕೆಲಸವಿಲ್ಲದ ಅದರ ಯಜಮಾನ ನಿಂತಿದ್ದ. ಕ್ಯಾಪ್ಟನ್ ಕೈಕುಲುಕಿದ. ನೆನಿತಾ ಮಾತ್ರ ಬಾಗಿಲಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದಳು.

ಪೆರ್ಲಿತಾ ಉಳಿದ ಪನ್ಸಿಟ್ ಹಿಡಿದು ಬಂದಳು. ಅವನ ಕುರ್ಚಿಯನ್ನು ಮಾಲೀಕರು ಅವಳಿಗೇ ಕೊಟ್ಟಿದ್ದರು.

"ಪೆರ್ಲಿತಾ," ಎಂದ ಅವನು ಸೋತ ದನಿಯಲ್ಲಿ, "ಇವತ್ತೇ ಯಾಕಮ್ಮಾ ನಿಂಗೆ ನನ್ನ ಮೇಲೆ ಅಷ್ಟೊಂದು ಕರುಣೆ ಬಂತು?"

ಅವಳು ತಟ್ಟೆಯನ್ನು ಅವನ ಕೈಗಿಟ್ಟು, ಮೂವತ್ತೆರಡೂ ಹಲ್ಲು ತೋರಿಸಿ ನಕ್ಕಳು.

"ಯಾವಾಗ್ಲೂ ಹೇಳ್ತಿದ್ರಲ್ಲ ಸರ್, ಓದೋಕೆ ಮುಂಚೆ ಒಂದ್ಸಲ ಕಣ್ಣಾಡಿಸು ಅಂತ? ಇವತ್ತು ಕಣ್ಣಾಡಿಸ್ದೆ."