ಜಾಲರಿ ಇರುವ ಆಕಾಶ

ನಮ್ಮ ಅತ್ತೆಗೆ ತನ್ನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲ. ಆದರೆ ಶನಿ ಎಲ್ಲಿದ್ದಾನೆ ಎಂದು ಕೇಳಿ ನೋಡಿ, ಒಲೆಯ ಮುಂದೆ ನಿಂತಲ್ಲೇ ಬೆರಳು ಮಾಡಿ ತೋರಿಸುತ್ತಾಳೆ. ಆ ಬೆರಳು ಒಮ್ಮೊಮ್ಮೆ ಸೀದಾ ನೆಲದ ಕಡೆಗೆ ಇರುತ್ತದೆ.

"ಅಲ್ಲೇನೈತಿ ಅತ್ತಿ, ಅಕ್ಕಿ ಡಬ್ಬಿ ಐತಿ" ಎಂದರೆ, "ಡಬ್ಬಿ ಕೆಳಗ, ನೆಲದ ಕೆಳಗ, ಭೂಮಿ ಆ ಕಡಿ ಅದಾನ. ಸಂಜಿಗೆ ಮ್ಯಾಲೆ ಬರ್ತಾನ ತಡಿ" ಎನ್ನುತ್ತಾಳೆ. ಮಂದಿ ಶನಿಯೊಬ್ಬ ಹೆಗಲೇರಿದರೆ ಎಳ್ಳೆಣ್ಣೆ ಹಿಡಿದುಕೊಂಡು ಗುಡಿಗೆ ಓಡುತ್ತಾರೆ. ನಮ್ಮ ಅತ್ತೆಯ ಹೆಗಲ ಮೇಲೆ ಇಡೀ ಸೌರಮಂಡಲವೇ ಕೂತಿದೆ, ಅವಳು ಆರಾಮಾಗಿ ಇದ್ದಾಳೆ. ಸುಸ್ತಾಗಿರುವುದು ನಾವು!

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಯಲಬುರ್ಗಾ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮನೆ ಕುಷ್ಟಗಿಯಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಆ ಬಸ್ಸಿನ ಕಂಡಕ್ಟರು ಅವಳಿಗೆ ಮುಂದಿನ ಸೀಟು ಮಾತ್ರ ಕೊಡುವುದಿಲ್ಲ. ಒಮ್ಮೆ ಕೊಟ್ಟಿದ್ದನಂತೆ. ಅವಳ ಮಾತು ಕೇಳುತ್ತಾ ಕೇಳುತ್ತಾ ಡ್ರೈವರು ರಸ್ತೆ ಬಿಟ್ಟು ಹಗಲು ಚಂದ್ರನನ್ನು ನೋಡಹತ್ತಿದ್ದನಂತೆ. ಅಂದಿನಿಂದ ಟೀಚರಿಗೆ ಹಿಂದಿನ ಬಾಗಿಲ ಪಕ್ಕದ ಸೀಟು ಕಾಯಂ ಆಗಿದೆ.

ಅತ್ತೆಯ ಮಾತು ಸ್ವಲ್ಪ ಮೂಗಿನಿಂದ ಬರುತ್ತದೆ. ಹುಟ್ಟಿದಾಗ ಅವಳ ಮೇಲ್ದುಟಿ ಸೀಳಿತ್ತು, ಹೊಲಿಗೆ ಹಾಕಿಸಿದ ಗೆರೆ ಇವತ್ತಿಗೂ ಇದೆ. ಅದಕ್ಕೊಂದು ಕಥೆಯೂ ಇದೆ. ಅವಳು ಹೊಟ್ಟೆಯಲ್ಲಿದ್ದಾಗ ನಮ್ಮ ಸೀಮೆಯ ಮೇಲೆ ದೊಡ್ಡ ಸೂರ್ಯಗ್ರಹಣವೊಂದು ಹಾದುಹೋಗಿ, ಹಾಡಹಗಲೇ ಕತ್ತಲಾಗಿ, ಕೋಳಿಗಳೆಲ್ಲ ಗೂಡು ಸೇರಿದ್ದವಂತೆ. ಬಸುರಿ ಸೊಸೆ ಬೆಳಕಿಂಡಿಯಿಂದ ಅದನ್ನು ಕದ್ದು ನೋಡಿದಳು, ಅದಕ್ಕೇ ಕೂಸಿನ ತುಟಿ ಸೀಳಿತು ಎಂದು ನಮ್ಮ ಅಜ್ಜಿಯ ಅತ್ತೆ ತೀರ್ಪು ಕೊಟ್ಟಳು. ಊರು ಅದಕ್ಕೆ ಸಹಿ ಹಾಕಿತು. ಅಜ್ಜಿ ಮೇಲಿನ ಕೋರ್ಟಿಗೆ ಹೋಗಲಿಲ್ಲ. ಬದಲಿಗೆ ಗ್ರಹಣ ಬಂದಾಗಲೆಲ್ಲ ಓಣಿಯ ಬಸುರಿಯರ ಮನೆಮನೆಗೆ ಹೋಗಿ, "ಬಾಗಲಾ ಹಾಕ್ಕೊಂಡು ಮಲಗ್ರೆವ್ವ, ನನ್ನಂಗ ಆಗಬ್ಯಾಡ್ರಿ" ಎಂದು ಹೇಳಿ ಬರುವುದನ್ನು ರೂಢಿ ಮಾಡಿಕೊಂಡಳು.

ಅತ್ತೆಗೆ ಜಗತ್ತಿನಲ್ಲಿ ಸಿಟ್ಟು ಬರುವುದು ಈ ಒಂದು ಮಾತಿಗೆ. "ನನ್ನ ತುಟಿ ಹೋದರ ಹೋಗ್ಲಿ, ಅವ್ವನ ಮರ್ಯಾದಿ ಯಾಕ ಹೋಗಬೇಕು?" ಎನ್ನುತ್ತಾಳೆ. ಅವಳ ದುರ್ಬೀನು, ಅವಳ ಭಾಷಣ, ಅವಳ ಹುಚ್ಚು, ಎಲ್ಲದರ ಬುಡದಲ್ಲಿ ಇರುವುದು ಒಂದೇ ಹಟ. ಅವ್ವನನ್ನು ಒಂದು ಸಲ ಕೂರಿಸಿ ಗ್ರಹಣ ತೋರಿಸಬೇಕು, ಇದು ಬರೀ ನೆರಳು, ನಿಂದೇನೂ ತಪ್ಪಿಲ್ಲ ಎಂದು ನಂಬಿಸಬೇಕು. ಅಜ್ಜಿಗೂ ಒಂದು ಹಟವಿತ್ತು. ನೋಡುವುದಿಲ್ಲ, ಅಷ್ಟೆ. ಹಟ ಅತ್ತೆಗೆ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕೇ?

ಅತ್ತೆಯ ಮದುವೆಯ ಸಂಗತಿಯನ್ನು ಇಲ್ಲಿ ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಕನ್ಯೆ ನೋಡಲು ಗಂಗಾವತಿಯ ಕಡೆಯಿಂದ ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಗಂಡಿನ ಸೋದರಮಾವನ ಬಾಯಿಂದ ಮೆಲ್ಲಗೆ ರಾಗ ತೆಗೆಸಿದರು. "ಹುಡುಗಿ ಛಲೋ ಅದಾಳ, ಮುಖದ ಮ್ಯಾಲಿನ ಕಲಿ ಒಂದು ಇರಲಿಲ್ಲಂದ್ರ..." ಒಳಗಿದ್ದ ಅತ್ತೆ ಹೊರಗೆ ಬಂದು, "ಬರ್ರಿ, ಮಾಳಗಿ ಮ್ಯಾಲೆ ಒಂದೀಟು ಕೆಲಸ ಐತಿ" ಎಂದು ಗಂಡನ್ನೂ ಸೋದರಮಾವನನ್ನೂ ಕರೆದೊಯ್ದು, ಸಂಜೆಯ ಚಂದ್ರನ ಕಡೆಗೆ ದುರ್ಬೀನು ತಿರುಗಿಸಿದಳು. "ನೋಡ್ರಿ. ಇದರ ಮುಖದ ತುಂಬ ಕಲಿ ಅದಾವ. ಇದನ್ನೂ ಬ್ಯಾಡ ಅಂತೀರೇನ?"

ಸೋದರಮಾವ ತಣ್ಣಗೆ ಮೆಟ್ಟಿಲಿಳಿದ. ಗಂಡು ಮಾತ್ರ, "ಇನ್ನೊಮ್ಮಿ ನೋಡ್ತೀನ್ರಿ" ಎಂದ. ಆತ ನೋಡಿದ್ದು ಚಂದ್ರನನ್ನೋ ಅತ್ತೆಯನ್ನೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಅವನೇ ನಮ್ಮ ಮಾಮ. ಮಾತು ಕಡಿಮೆ, ಕೆಲಸ ಹೆಚ್ಚು. ಅತ್ತೆಯ ತಾರಾಲಯದಲ್ಲಿ ಫ್ಯಾನಿನ ಜವಾಬ್ದಾರಿ ಪೂರ್ತಿ ಅವನದು.

ತಾರಾಲಯ! ಅದನ್ನು ಹೇಳಲೆಂದೇ ಇಷ್ಟು ಪೀಠಿಕೆ. ದೊಡ್ಡ ಊರುಗಳ ತಾರಾಲಯಕ್ಕೆ ಸಿಮೆಂಟಿನ ಗುಮ್ಮಟ ಇರುತ್ತದೆ, ಮೆತ್ತನೆ ಕುರ್ಚಿ ಇರುತ್ತವೆ. ನಮ್ಮ ಮಂದಿ ಅಲ್ಲಿಗೆ ಯಾವಾಗ ಹೋಗಬೇಕು? ಅದಕ್ಕೆ ಅತ್ತೆ, ಅವಳಂಥವೇ ನಾಲ್ಕು ತಲೆಗಳು, ಓಣಿಯ ಒಂದಿಷ್ಟು ಜನ ಸೇರಿ ಬಟ್ಟೆಯ ಗುಮ್ಮಟ ಮಾಡಿಸಲು ನಿಶ್ಚಯಿಸಿದರು. ಫ್ಯಾನಿನಿಂದ ಗಾಳಿ ತುಂಬಿದರೆ ಅದು ಉಬ್ಬಿ ನಿಲ್ಲುತ್ತದೆ. ಒಳಗೊಂದು ಪ್ರೊಜೆಕ್ಟರು, ಅದರ ಮುಂದೆ ರಸ್ತೆಯ ತಿರುವಿನಲ್ಲಿ ಲಾರಿಯವರಿಗೆಂದು ಹಾಕುತ್ತಾರಲ್ಲ, ಅಂಥ ಉಬ್ಬುಗನ್ನಡಿ. ಬೆಳಕು ಕನ್ನಡಿಗೆ ಬಡಿದು ಗುಮ್ಮಟದ ತುಂಬ ಹರಡಿದರೆ ಆಯಿತು, ಆಕಾಶ ಸಿದ್ಧ.

ಹೊಲಿಯಲು ಹನುಮಸಾಗರದ ಪೆಂಡಾಲಿನ ಸಾಹುಕಾರನಿಗೆ ಕೊಟ್ಟರು. ಅಳತೆಯೆಲ್ಲ ಸರಿಯಾಗಿ ಹೊಲಿದು ತಂದ. ಬಿಚ್ಚಿ ಗಾಳಿ ತುಂಬಿ ನೋಡಿದರೆ, ಒಳಗೆ ಸುತ್ತಲೂ, ಮದುವೆ ಪೆಂಡಾಲಿನ ಅಂಚಿಗೆ ಇಳಿಬಿಡುತ್ತಾರಲ್ಲ, ಅಂಥ ಕೆಂಪು ಹಳದಿ ಜಾಲರಿ!

"ಇದ್ಯಾಕ್ರಿ ಸಾಹುಕಾರ್ರ?" ಅತ್ತೆ ಕೇಳಿದಳು.

"ಜಾಲರಿ ಇಲ್ಲದ ಪೆಂಡಾಲ್ ನಮ್ಮ ಕೈಲಿಂದ ಹೊರಗ ಹೋಗಿಲ್ರಿ ಟೀಚರ. ಮಂಗಳ ಕಾರ್ಯ ಅಂದ್ರಿ, ಹೊರಗ ಕರಿ, ಒಳಗ ಬರೇ ಬಿಳಿ ಬಟ್ಟಿ, ಹಂಗ ಕೊಡಾಕ ಮನಸ್ಸಾಗಲಿಲ್ಲ. ಇದಕ್ಕ ರೊಕ್ಕ ಬ್ಯಾಡ್ರಿ."

ಹೀಗಾಗಿ ನಮ್ಮ ತಾರಾಲಯದಲ್ಲಿ ಸೂರ್ಯ ಹುಟ್ಟುವುದು ಜಾಲರಿಯಿಂದ, ಮುಳುಗುವುದೂ ಜಾಲರಿಗೆ. ಬಿಚ್ಚಿಸಿಬಿಡು ಎಂದು ನಾನು ಹೇಳಿದ್ದೆ. ಅತ್ತೆ ಒಪ್ಪಲಿಲ್ಲ. "ಪ್ರೀತಿಲೆ ಹಚ್ಚ್ಯಾನ, ಇರ್ಲಿ. ಆಕಾಶಕ್ಕೇನು ಬ್ಯಾಸರ ಇಲ್ಲ."

ಮೊನ್ನೆ ಶನಿವಾರ, ಭಾನುವಾರ ಕುಷ್ಟಗಿಯ ಒಂದು ಕಲ್ಯಾಣಮಂಟಪದಲ್ಲಿ ಎರಡು ದಿನದ ಖಗೋಳ ಜಾತ್ರೆಯೇ ನಡೆಯಿತು. ಊಟದ ಹಾಲಿನಲ್ಲಿ ಗುಮ್ಮಟ, ವೇದಿಕೆಯ ಮೇಲೆ ಭಾಷಣ. ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ನನಗೆ ಲ್ಯಾಪ್‌ಟಾಪಿನ ಮುಂದೆ ಕೂರುವ ಕೆಲಸ. ಎರಡು ದಿನದ ರಜೆ ಹೀಗೆ ಬ್ರಹ್ಮಾಂಡದ ಪಾಲಾಯಿತು. ಕೊಪ್ಪಳದಿಂದ, ಕನಕಗಿರಿಯಿಂದ ಟೆಂಪೋ ಮಾಡಿಕೊಂಡು ಜನ ಬಂದರು. ಗುಮ್ಮಟದ ಬಾಗಿಲು ಗಿಡ್ಡ, ಬಗ್ಗಿಯೇ ಒಳಗೆ ಹೋಗಬೇಕು. ಬಗ್ಗಿದ ಮೇಲೆ ನಮ್ಮ ಮಂದಿ ಸುಮ್ಮನೆ ಇರುತ್ತಾರೆಯೇ? ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಹೋದರು. ಒಬ್ಬಾತ ಕಾಯಿ ಕೂಡ ತಂದಿದ್ದ.

ಶನಿವಾರ ಗಂಗಾವತಿಯ ಉಪನ್ಯಾಸಕರೊಬ್ಬರು ಕಪ್ಪುಕುಳಿಯ ಬಗ್ಗೆ ಮಾತಾಡಿದರು. ಬೆಳಕು ಕೂಡ ಒಳಗೆ ಬಿದ್ದರೆ ಹೊರಗೆ ಬರುವುದಿಲ್ಲ ಎಂದರು. ಹಿಂದಿನ ಸಾಲಿನಿಂದ ರೈತರೊಬ್ಬರು ಎದ್ದು ನಿಂತರು.

"ಸರ್, ನಮ್ಮ ಹೊಲದಾಗೂ ಅಂಥಾದ್ದೊಂದು ಐತ್ರಿ. ಬೋರ್ ಹಾಕ್ಸಿದ್ದೆ. ಎರಡು ಮೋಟರ್ ನುಂಗೇತಿ, ಒಂದೂ ಮ್ಯಾಲೆ ಬಂದಿಲ್ಲ."

ಸಭೆ ನಕ್ಕಿತು, ಉಪನ್ಯಾಸಕರು ಕಕ್ಕಾಬಿಕ್ಕಿಯಾದರು. ಅತ್ತೆ ಮಾತ್ರ ಹಿಗ್ಗಿ ಹೀರೇಕಾಯಿ. "ನೋಡ್ರಿ, ವಿಷಯ ಬರೋಬ್ಬರಿ ತಿಳಕೊಂಡ್ರು. ಈಗ ಆ ಮೋಟರಿನ ಜಾಗಾದಾಗ ಬೆಳಕು ಇಟ್ಟು ವಿಚಾರ ಮಾಡ್ರಿ" ಎಂದು ಅಲ್ಲಿಂದಲೇ ಮುಂದುವರಿಸಿದಳು. ಮತ್ತೊಬ್ಬ ಮುದುಕಿ, "ನನ್ನ ಮಗನ್ನ ಶನಿ ಯಾವಾಗ ಬಿಡ್ತಾನವ್ವ?" ಎಂದು ಕೇಳಿದಳು. ಅತ್ತೆ ಅವಳ ಕೈ ಹಿಡಿದುಕೊಂಡು ಹೇಳಿದಳು, "ಶನಿಗೆ ನಿನ್ನ ಮಗ ಯಾರಂತನ ಗೊತ್ತಿಲ್ಲ ಆಯಿ. ಅಂವಗ ತನ್ನ ಉಂಗುರ ಸಂಭಾಳ್ಸೂದ ಸಾಕಾಗೇತಿ." ಮುದುಕಿ ಹಗುರಾಗಿ ನಕ್ಕಳು. ಬೇರೆಯವರ ಅವ್ವಂದಿರು ಹೀಗೆ ಒಂದೇ ಮಾತಿಗೆ ನಂಬುತ್ತಿದ್ದರು. ಅತ್ತೆಯ ಸ್ವಂತ ಅವ್ವ ಮಾತ್ರ ಎರಡೂ ದಿನ ಹೊರಗೆ ಗುಮ್ಮಟಕ್ಕೆ ಬೆನ್ನು ಮಾಡಿ, ಮಂದಿಯ ಚಪ್ಪಲಿ ಕಾಯುತ್ತಾ ಕೂತಿದ್ದಳು. ಮಗಳ ಕಾರ್ಯಕ್ರಮಕ್ಕೆ ಬರದಿದ್ದರೆ ಮಂದಿ ಏನೆಂದಾರು ಎಂದು ಬಂದಿದ್ದಳು, ಅಷ್ಟೆ.

"ಒಳಗ ಬಾ ಅವ್ವ, ಒಂದ ಸಲ" ಎಂದು ಅತ್ತೆ ಪ್ರತಿ ಪ್ರದರ್ಶನಕ್ಕೂ ಮೊದಲು ಕರೆಯುವಳು.

"ಚಪ್ಪಲಿ ಯಾರು ನೋಡ್ತಾರ?" ಎಂದು ಅಜ್ಜಿ ಪ್ರತಿ ಸಲವೂ ಕೇಳುವಳು.

ಭಾನುವಾರ ಸಂಜೆ ಕೊನೆಯ ಪ್ರದರ್ಶನ. ಹೊಟ್ಟೆ ಹಸಿದವರು ಮೇಲೆ ನೋಡುವುದಿಲ್ಲ ಎಂಬುದು ಅತ್ತೆಯ ಸಿದ್ಧಾಂತ. ಅದಕ್ಕೆಂದೇ ಮಿರ್ಚಿ ಭಜಿಯ ಗಾಡಿಯವನನ್ನು ಕರೆಸಿದ್ದಳು. ನಮ್ಮ ಕಡೆ ಮಂಡಕ್ಕಿ ಮಿರ್ಚಿ ಇಲ್ಲದೆ ಯಾವ ಕಾರ್ಯ ಆಗಿದೆ? ಆತ ಪಾಪ, ಗಾಳಿ ಬರುವ ಜಾಗ ನೋಡಿ ಹಾಲಿನ ಹಿಂಬಾಗಿಲಲ್ಲಿ ಒಲೆ ಹೂಡಿದ. ಅಲ್ಲಿ ಗಾಳಿ ಬೀಸುತ್ತಿದ್ದುದೇಕೆ ಎಂದರೆ, ನಮ್ಮ ಮಾಮನ ಫ್ಯಾನು ಅಲ್ಲಿಂದಲೇ ಗಾಳಿ ಎಳೆದು ಗುಮ್ಮಟಕ್ಕೆ ತುಂಬುತ್ತಿತ್ತು!

ಒಳಗೆ ಅತ್ತೆ ಆಕಾಶಗಂಗೆ ತೋರಿಸುತ್ತಿದ್ದಳು. ಮೊದಲು ಘಮ ಬಂತು. "ಆಹಾ" ಎಂದಿತು ಜನ. ಆಮೇಲೆ ಎಣ್ಣೆಗೆ ಬಿದ್ದ ಮೆಣಸಿನಕಾಯಿಯೊಂದು ಒಡೆಯಿತೋ ಏನೋ, ಘಾಟು ಬಂತು. ಒಬ್ಬರು ಸೀನಿದರು, ಹತ್ತು ಮಂದಿ ಕೆಮ್ಮಿದರು, ಕೂಸುಗಳು ಅಳಹತ್ತಿದವು. ಕತ್ತಲಲ್ಲಿ ಅತ್ತೆಯ ದನಿ ಮಾತ್ರ ನಿಲ್ಲಲಿಲ್ಲ. "ಇದು ಭಾಳ ದೂರದ ಧೂಳು... ಅಕ್ಷೀ... ಈ ಧೂಳಿನಾಗಿಂದನ ಹೊಸಾ ನಕ್ಷತ್ರ ಹುಟ್ಟತಾವ್ರಿ."

ಕೆಮ್ಮು ಕೇಳಿದ ಮಾಮ ತನ್ನ ಜೀವಮಾನದಲ್ಲೇ ಮೊದಲ ಬಾರಿಗೆ ಗಡಿಬಿಡಿ ಮಾಡಿದ. ಘಾಟು ಒಳಗೆ ಹೋಗದಿರಲಿ ಎಂದು ಫ್ಯಾನು ಆರಿಸಿಬಿಟ್ಟ. ಘಾಟು ನಿಂತಿತು, ಅದರ ಜೊತೆ ಗಾಳಿಯೂ ನಿಂತಿತು. ಆಕಾಶ ಸಾವಕಾಶವಾಗಿ ನಮ್ಮೆಲ್ಲರ ತಲೆಯ ಮೇಲೆ ಬಂದು ಕೂತಿತು. ಹೆದರಬೇಡಿ, ಬಟ್ಟೆ ಹಗುರ, ಯಾರಿಗೂ ಏನೂ ಆಗಲಿಲ್ಲ. ನಗುತ್ತಾ, ಸೀನುತ್ತಾ ಎಲ್ಲರೂ ತೆವಳಿ ಹೊರಗೆ ಬಂದರು. ಹೊರಗೆ ಬಂದ ಹುಡುಗಿಯೊಬ್ಬಳು, "ಆಯಿ, ಟೀಚರ್ ಒಳಗ ಅದಾರ, ಆಕಾಶ ಬಿತ್ತು" ಎಂದಳು.

ಚಪ್ಪಲಿ ಬಿಟ್ಟು ಕದಲದ ಅಜ್ಜಿ ಎದ್ದಳು. ಎಪ್ಪತ್ತು ದಾಟಿದ ಜೀವ, ಮೊಣಕಾಲು ನೋವು ಬೇರೆ. ಯಾರನ್ನೂ ಕೇಳಲಿಲ್ಲ. ಬಗ್ಗಿ, ಬಟ್ಟೆ ಎತ್ತಿಕೊಂಡು, ಮಗಳ ಹೆಸರು ಹಿಡಿದು ಕರೆಯುತ್ತಾ ಒಳಗೆ ತೆವಳಿ ಬಂದಳು. ಒಳಗೆ ಅತ್ತೆ ಕನ್ನಡಿ ಒಡೆಯದಂತೆ ತಬ್ಬಿಕೊಂಡು ಕೂತಿದ್ದಳು, ನಾನು ಲ್ಯಾಪ್‌ಟಾಪ್ ತಬ್ಬಿಕೊಂಡಿದ್ದೆ.

"ಏನಾತ ನಿನಗ? ಪೆಟ್ಟಾತೇನ?" ಅಜ್ಜಿ ಮಗಳ ಮೈ ತಡವಿದಳು.

"ಏನೂ ಆಗಿಲ್ಲ ಅವ್ವ. ಮೆಣಸಿನಕಾಯಿ ಘಾಟು."

ಅಷ್ಟರಲ್ಲಿ ಮಾಮ ಗಾಡಿ ಸರಿಸಿ ಫ್ಯಾನು ಹಾಕಿದ. ಗುಮ್ಮಟ ಎದ್ದು ನಿಂತಿತು. ಒಳಗೆ ನಾವು ಮೂವರೇ. ಅತ್ತೆ ಕನ್ನಡಿಯನ್ನು ಮತ್ತೆ ಅದರ ಜಾಗದಲ್ಲಿಟ್ಟು ನನ್ನ ಕಡೆ ನೋಡಿದಳು. ನನಗೆ ಅರ್ಥವಾಯಿತು. ಯಾವ ದಿನದ ಆಕಾಶ ಬೇಕೋ ಅದನ್ನು ತೋರಿಸುವ ಆ ಯಂತ್ರದಲ್ಲಿ, ಒಂದು ಮಧ್ಯಾಹ್ನವನ್ನು ಅವಳು ಮೊದಲ ದಿನವೇ ಹುಡುಕಿ ಇಟ್ಟಿದ್ದಳು. ಯಾವ ಪ್ರದರ್ಶನದಲ್ಲೂ ಅದನ್ನು ಬಳಸಿರಲಿಲ್ಲ. ನಾನು ಅದನ್ನು ಹಚ್ಚಿದೆ. ಜಾಲರಿಯ ಮೇಲೆ ಪಡುವಣದ ಸೂರ್ಯ ಕಾಣಿಸಿದ.

"ಕೂಡು ಅವ್ವ. ಇದು ನಾ ನಿನ್ನ ಹೊಟ್ಯಾಗ ಇದ್ದಾಗಿನ ಸೂರ್ಯ. ಅವತ್ತಿನ ಗ್ರಹಣ."

ಅಜ್ಜಿ ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಕಣ್ಣೂ ಮುಚ್ಚಲಿಲ್ಲ. ಸೆರಗನ್ನು ಎಳೆದು ತನ್ನ ಹೊಟ್ಟೆಯ ಮೇಲೆ ಹೊದ್ದುಕೊಂಡಳು.

ಕಪ್ಪು ಅಂಚೊಂದು ಸೂರ್ಯನನ್ನು ತಿನ್ನತೊಡಗಿತು. ಅತ್ತೆ ವರ್ಷಗಟ್ಟಲೆ ಕೂಡಿಟ್ಟ ಮಾತು ಶುರು ಮಾಡಿದಳು. "ನೋಡು, ಚಂದ್ರ ಅಡ್ಡ ಬಂದಾನ, ಅವನ ನೆರಳು ಅಷ್ಟ. ನೀ ಬೆಳಕಿಂಡಿಲಿಂದ ನೋಡಿದ್ದು ಇದನ್ನ. ನೀ ನೋಡಿದ್ದಕ್ಕ ನನ್ನ ತುಟಿ ಸೀಳಿಲ್ಲ. ನೋಡಿದ್ದು ತಪ್ಪಲ್ಲ ಅವ್ವ."

"ನಾ ಎಲ್ಲಿ ನೋಡೇನಿ?" ಅಜ್ಜಿ ಅಂದಳು.

"ಏನ?"

"ನಾ ನೋಡೇ ಇಲ್ಲ. ಬಾಗಲಾ ಹಾಕ್ಕೊಂಡು ಎರಡು ಕೌದಿ ಹೊದ್ದು ಮಲಗಿದ್ದೆ. ನೋಡಿಲ್ಲ ಅಂತ ಹೇಳಿದೆ, ಯಾರೂ ನಂಬಲಿಲ್ಲ. ಆಮ್ಯಾಲೆ ನಾನೂ ಸುಮ್ನಾದೆ. ಕೌದಿ ತೂತಿನಾಗಿಂದ ಬೆಳಕು ಬಂದಿದ್ದರೂ ಬಂದಿರಬೇಕು ಅಂದ್ಕೊಂಡೆ."

ಅತ್ತೆಯ ಮಾತು ನಿಂತುಹೋಯಿತು. ಬಸ್ಸಿನ ಕಂಡಕ್ಟರು, ಸೋದರಮಾವ, ಮೆಣಸಿನಕಾಯಿ, ಯಾರಿಂದಲೂ ಆಗದಿದ್ದ ಕೆಲಸ ಅದು. ಮಾಡದ ತಪ್ಪಿಗೆ ಅವ್ವನ ಪರವಾಗಿ ಇಷ್ಟು ವರ್ಷ ವಾದ ಮಾಡಿದಳು, ಒಂದು ದಿನವೂ ಅವ್ವನನ್ನು ಕೇಳಿರಲಿಲ್ಲ. ನಾವ್ಯಾರೂ ಕೇಳಿರಲಿಲ್ಲ.

ಮೇಲೆ ಸೂರ್ಯ ಪೂರ್ತಿ ಮುಚ್ಚಿದ. ಗುಮ್ಮಟದೊಳಗೆ ಕತ್ತಲಾಯಿತು. ಕರಿ ಬಿಲ್ಲೆಯ ಸುತ್ತ ಬೆಳ್ಳಗಿನ ಬೆಳಕು ಹರಡಿ, ಮಗ್ಗುಲಲ್ಲಿ ಶುಕ್ರ ಕಾಣಿಸಿಕೊಂಡ. ಅಜ್ಜಿ ಬಾಯಿ ತೆರೆದು ನೋಡಿದಳು.

"ಇಷ್ಟ ಚಂದ ಇತ್ತೇನ ಇದು?" ಎಂದಳು. ಆಮೇಲೆ, "ಹೆಂಗೂ ಬೈಸಿಕೊಳ್ಳೂದ ಇತ್ತು. ನೋಡೇ ಬಿಡಬೇಕಿತ್ತು" ಎಂದಳು.

ಸೂರ್ಯ ಹೊರಗೆ ಬಂದ. "ಇನ್ನೊಮ್ಮಿ ಹಾಕು" ಎಂದಳು ಅಜ್ಜಿ.

ಅತ್ತೆ ಲ್ಯಾಪ್‌ಟಾಪಿನ ಕಡೆ ಕೈ ಚಾಚಿದಳು. ನೆಲದಡಿಯ ಶನಿಯನ್ನು ಬೆರಳು ಮಾಡಿ ತೋರಿಸುವ ನಮ್ಮ ಅತ್ತೆಗೆ ಕಣ್ಣೆದುರಿನ ಗುಂಡಿ ಕಾಣಲಿಲ್ಲ. ನಾನೇ ಒತ್ತಿದೆ. ಅಜ್ಜಿ ಹೊಟ್ಟೆಯ ಮೇಲಿನ ಸೆರಗು ತೆಗೆದು, ಮಗಳ ಕಣ್ಣು ಒರೆಸಿ, ಹಾಗೇ ಆ ತುಟಿಯ ಗೆರೆಯನ್ನೂ ಮೆಲ್ಲಗೆ ಒರೆಸಿದಳು.